ಗಿಟ್‌ಇಗ್ನೋರ್‌ನಲ್ಲಿ ಸ್ಲ್ಯಾಶ್ ಎಲ್ಲಿದೆ ನೋಡ್ರಿ

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕೊನೇ ವರ್ಷದ ಪ್ರಾಜೆಕ್ಟ್ ಮಾಡುತ್ತಿರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಮಾತು. ಗಿಟ್‌ಇಗ್ನೋರ್ ಅಂದರೆ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ‘ಇವುಗಳನ್ನು ಬಿಟ್ಟುಬಿಡು’ ಎಂದು ಹೇಳುವ ಪಟ್ಟಿಯ ಫೈಲ್. ಎಲ್ಲಿಂದಲೋ ತಂದು ಅಂಟಿಸಿದ ಉದ್ದದ ಗಿಟ್‌ಇಗ್ನೋರ್ ಬೇಡ. ಹತ್ತು ಸಾಲಿದ್ದರೂ ಸಾಕು, ಪ್ರತಿ ಸಾಲು ಯಾವ ಪಾತ್‌ಗೆ (ಫೈಲ್ ಇರುವ ವಿಳಾಸಕ್ಕೆ) ತಾಗುತ್ತದೆ ಅನ್ನೋದು ಬರೆದವರಿಗೆ ಗೊತ್ತಿರಬೇಕು.

ತೊಗರಿ ದರ ಕೂಡಿಡುವ ಪ್ರಾಜೆಕ್ಟ್ ಅಂದುಕೊಳ್ಳಿ. ‘ದರ/’ ಎಂದು ಬರೆದರೆ ಮೇಲಿರುವ ‘ದರ’ ಫೋಲ್ಡರ್ ಜೊತೆಗೆ ‘ಕಲಬುರಗಿ/ಆಳಂದ/ದರ’ ಕೂಡ ಹೋಗುತ್ತದೆ. ಕೊನೆಯ ಸ್ಲ್ಯಾಶ್ ಹೇಳುವುದು ‘ಫೋಲ್ಡರ್ ಆಗಿದ್ದರೆ ಮಾತ್ರ’ ಅಂತ, ಅಷ್ಟೇ. ಜಾಗ ಗೊತ್ತುಮಾಡುವುದು ಮೊದಲಿನ ಅಥವಾ ನಡುವಿನ ಸ್ಲ್ಯಾಶ್. ‘/ದರ/’ ಅಂದರೆ ಆ ಗಿಟ್‌ಇಗ್ನೋರ್ ಇರುವ ಫೋಲ್ಡರಿನ ನೇರ ಕೆಳಗಿನದು ಮಾತ್ರ. ‘ಆಳಂದ/ದರ’ ಎಂದು ಬರೆದರೂ ಅಲ್ಲಿಂದಲೇ ಎಣಿಕೆ ಶುರು, ಹಾಗಾಗಿ ‘ಕಲಬುರಗಿ/ಆಳಂದ/ದರ’ಕ್ಕೆ ಅದು ತಾಗುವುದೇ ಇಲ್ಲ. ಎಷ್ಟೇ ಆಳದಲ್ಲಿದ್ದರೂ ಬೇಕೆಂದರೆ ‘**/ಆಳಂದ/ದರ’. ಒಂಟಿ ನಕ್ಷತ್ರ ಸ್ಲ್ಯಾಶ್ ದಾಟುವುದಿಲ್ಲ: ‘ಕಲಬುರಗಿ/*/ದರ’ ನಡುವೆ ಒಂದೇ ಒಂದು ಫೋಲ್ಡರ್ ಒಪ್ಪುತ್ತದೆ.

ಹೆಚ್ಚು ಜನ ಎಡವುವುದು ಆಶ್ಚರ್ಯಸೂಚಕದಲ್ಲಿ, ಅಂದರೆ ‘ಇದನ್ನು ಮಾತ್ರ ಬಿಡಬೇಡ’ ಎಂಬ ವಿನಾಯಿತಿಯ ಗುರುತಿನಲ್ಲಿ. ‘ವರದಿ/’ ಬರೆದು, ಕೆಳಗೆ ‘!ವರದಿ/ಸೇಡಂ.ಸಿಎಸ್‌ವಿ’ ಹಾಕುತ್ತಾರೆ. ಫೈಲ್ ಬರುವುದಿಲ್ಲ. ಫೋಲ್ಡರನ್ನೇ ಬಿಟ್ಟ ಮೇಲೆ ಗಿಟ್ ಅದರೊಳಗೆ ಇಣುಕುವುದೇ ಇಲ್ಲ, ಕೆಲಸ ಬೇಗ ಮುಗಿಯಲಿ ಅಂತ. ‘ವರದಿ/*’ ಎಂದು ಬರೆದು ನೋಡಿ, ಆಗ ವಿನಾಯಿತಿ ನಡೆಯುತ್ತದೆ. ಸಾಲುಗಳ ಕ್ರಮವೂ ಮುಖ್ಯ. ಒಂದೇ ಫೈಲಿನೊಳಗೆ ಕೊನೆಗೆ ತಾಗಿದ ಸಾಲಿನದೇ ತೀರ್ಪು, ಒಳಗಿನ ಫೋಲ್ಡರಿನ ಗಿಟ್‌ಇಗ್ನೋರ್ ಮೇಲಿನದನ್ನು ಮೀರುತ್ತದೆ. ಸಾಲಿನ ಕೊನೆಗೆ # ಹಾಕಿ ಟಿಪ್ಪಣಿ ಬರೆಯಬೇಡಿ, ಅದೂ ಪ್ಯಾಟರ್ನ್‌ನ ಭಾಗವೇ ಆಗಿಬಿಡುತ್ತದೆ.

ಊಹೆ ಮಾಡುತ್ತ ಕೂರುವುದಕ್ಕಿಂತ ‘ಗಿಟ್ ಚೆಕ್-ಇಗ್ನೋರ್ -ವಿ’ ಜೊತೆಗೆ ಪಾತ್ ಕೊಡಿ. ಯಾವ ಫೈಲಿನ ಎಷ್ಟನೇ ಸಾಲು ತಾಗಿತೆಂದು ಅದೇ ಹೇಳುತ್ತದೆ. ಇಷ್ಟು ಒಳ್ಳೆಯ ಕಮಾಂಡ್ ಇದ್ದೂ ಬಳಸುವವರು ಕಡಿಮೆ ಅನ್ನೋದೇ ನನ್ನ ಬೇಸರ.

ಈಗಾಗಲೇ ಕಮಿಟ್ ಆದ, ಅಂದರೆ ಗಿಟ್ ದಾಖಲೆಗೆ ಸೇರಿದ ಫೈಲಿಗೆ ಈ ಯಾವ ನಿಯಮವೂ ಅನ್ವಯಿಸದು. ‘ಗಿಟ್ ಆರ್‌ಎಂ --ಕ್ಯಾಶ್ಡ್’ ಮಾಡಿ ಕಮಿಟ್ ಮಾಡಬೇಕು. ಫೈಲ್ ನಿಮ್ಮ ಡಿಸ್ಕಿನಲ್ಲಿ ಉಳಿಯುತ್ತದೆ, ಆದರೆ ಆ ಕಮಿಟ್ ಅನ್ನು ಪುಲ್ ಮಾಡಿಕೊಂಡ (ತಮ್ಮ ಕಡೆ ಎಳೆದುಕೊಂಡ) ಗೆಳೆಯರ ಫೋಲ್ಡರಿನಿಂದ ಅಳಿಯುತ್ತದೆ, ಮೊದಲೇ ತಿಳಿಸಿ. ಅದು ಪಾಸ್‌ವರ್ಡ್ ಇರುವ ‘.ಎನ್ವ್’ ಆಗಿದ್ದರೆ ಹಳೆಯ ಕಮಿಟ್‌ಗಳಲ್ಲಿ ಇನ್ನೂ ಕೂತಿರುತ್ತದೆ, ಪಾಸ್‌ವರ್ಡ್ ಅನ್ನೇ ಇವತ್ತೇ ಬದಲಿಸಿ.