ಮಾವನ ಕಾಯಿಲೆ, ಮಗಳ ಮದುವೆ ಮಾತು

ನನ್ನ ಸೋದರಮಾವನಿಗೆ ಸ್ಕಿಜೋಫ್ರೇನಿಯಾ ಇದೆ, ಅಂದರೆ ಇಲ್ಲದ ಮಾತು ಕೇಳಿಸುವ, ಇಲ್ಲದ ಸಂಶಯ ಕಾಡುವ ಮಾನಸಿಕ ಕಾಯಿಲೆ. ಅವರ ಮಗಳಿಗೆ ಈಗ ಗಂಡು ನೋಡುತ್ತಿದ್ದಾರೆ. ಹುಡುಗಿ ಚೆನ್ನಾಗಿ ಓದಿದ್ದಾಳೆ, ಕೆಲಸದಲ್ಲಿದ್ದಾಳೆ, ಜಾತಕವೂ ಕೂಡಿಬರುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ಗಂಡಿನ ಕಡೆಯವರಿಗೆ "ಆ ಮನೇಲಿ ಮೆಂಟಲ್ ಇದೆಯಂತೆ, ಸ್ವಲ್ಪ ವಿಚಾರಿಸಿ" ಅಂತ ಹೇಳುತ್ತಾರೆ. ಅಲ್ಲಿಗೆ ಫೋನ್ ನಿಂತುಹೋಗುತ್ತದೆ. ಇದನ್ನು ನೋಡಿ ನೋಡಿ ಬೇಸತ್ತ ನಮ್ಮ ಮನೆಯ ಹಿರಿಯರು ಒಂದು ದಾರಿ ಕಂಡುಕೊಂಡಿದ್ದಾರೆ. ಹೆಣ್ಣು ನೋಡಲು ಬರುವ ದಿನ ಮಾವನನ್ನು ಬೇರೆ ಊರಿಗೆ ಕಳಿಸುವುದು, ಯಾರಾದರೂ ಕೇಳಿದರೆ "ಅವರಿಗೆ ಶುಗರ್ ಜಾಸ್ತಿ" ಅನ್ನುವುದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆ ಬೇರೆ ಇದೆಯಲ್ಲ.

ನಾನು ಇದನ್ನು ಒಪ್ಪುವುದಿಲ್ಲ. ಕಾಯಿಲೆಯ ಹೆಸರು ಕೇಳಿದ ಕೂಡಲೇ ಸಂಬಂಧ ಬೇಡ ಅನ್ನುವವರನ್ನೂ ಒಪ್ಪುವುದಿಲ್ಲ. ಇಬ್ಬರೂ ಹೆದರಿದ್ದಾರೆ, ಆದರೆ ಎಷ್ಟು ಹೆದರಬೇಕು ಅನ್ನುವ ಲೆಕ್ಕ ಇಬ್ಬರಿಗೂ ಗೊತ್ತಿಲ್ಲ. ಮಾವ ಮತ್ತು ಅವರ ಮಗಳು ಇಬ್ಬರೂ ಬರೆ ಅಂದಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಲೆಕ್ಕ ಹೀಗಿದೆ. ಯಾವ ಊರಿನ ಜನರನ್ನು ತೆಗೆದುಕೊಂಡರೂ ನೂರಕ್ಕೆ ಹೆಚ್ಚುಕಡಿಮೆ ಒಬ್ಬರಿಗೆ ಜೀವಮಾನದಲ್ಲಿ ಈ ಕಾಯಿಲೆ ಬರುತ್ತದೆ. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು 7ರಿಂದ 13 ಮಂದಿಗೆ. ಒಡಹುಟ್ಟಿದವರಿಗೆ ಇದ್ದರೆ ಸುಮಾರು 9. ಮಾವನಿಗೋ ಚಿಕ್ಕಪ್ಪನಿಗೋ ಇದ್ದರೆ, ಅಂದರೆ ನನ್ನಂಥವರಿಗೆ, 3 ಅಥವಾ 4. ಅಪ್ಪ ಅಮ್ಮ ಇಬ್ಬರಿಗೂ ಇದ್ದಾಗ ಮಾತ್ರ ಸಂಖ್ಯೆ ದೊಡ್ಡದಾಗುತ್ತದೆ. 2010ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ದೊಡ್ಡ ಅಧ್ಯಯನದಲ್ಲಿ ಅದು ನೂರಕ್ಕೆ 27ರಷ್ಟಿತ್ತು, ಹಳೆಯ ಅಧ್ಯಯನಗಳಲ್ಲಿ ಇನ್ನೂ ಜಾಸ್ತಿ.

ಅಂದರೆ ನಮ್ಮ ಹುಡುಗಿಯಂಥ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತು ಮಂದಿಗೆ ಈ ಕಾಯಿಲೆ ಬರುವುದೇ ಇಲ್ಲ. ಇನ್ನೊಂದು ವಿಷಯವನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಇದು ಸಾಮಾನ್ಯವಾಗಿ ಶುರುವಾಗುವುದು ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನೊಳಗೆ, ಗಂಡಸರಿಗೆ ಸ್ವಲ್ಪ ಬೇಗ, ಹೆಂಗಸರಿಗೆ ಸ್ವಲ್ಪ ತಡವಾಗಿ. ಆ ವಯಸ್ಸನ್ನು ಆರೋಗ್ಯವಾಗಿ ದಾಟುತ್ತಾ ಬಂದ ಹಾಗೆಲ್ಲ ಉಳಿದ ಅಪಾಯ ಕಮ್ಮಿಯಾಗುತ್ತಾ ಹೋಗುತ್ತದೆ.

ಗೂಗಲ್ ಮಾಡಿದವರು "ಇದು ಶೇಕಡಾ 80ರಷ್ಟು ವಂಶಪಾರಂಪರ್ಯವಂತೆ" ಅಂತ ಓದಿಕೊಂಡು ಬರುತ್ತಾರೆ. ಆ ಸಂಖ್ಯೆ ಸುಳ್ಳಲ್ಲ, ಆದರೆ ಅದರ ಅರ್ಥ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 80 ಅಂತಲ್ಲ. ಒಂದು ದೊಡ್ಡ ಜನಸಮೂಹದಲ್ಲಿ ಕೆಲವರಿಗೆ ಬಂತು, ಉಳಿದವರಿಗೆ ಬರಲಿಲ್ಲ ಅನ್ನುವ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಎಷ್ಟು ಅಂತ ಅದು ಹೇಳುತ್ತದೆ, ಅಷ್ಟೆ. ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಒಂದೇ ರೂಪದ ಅವಳಿಗಳ ವಿಷಯ ಓದಿದಾಗ. ಅವರಿಬ್ಬರ ಜೀನ್‌ಗಳು ಬಹುಪಾಲು ಒಂದೇ. ಆದರೂ ಒಬ್ಬರಿಗೆ ಕಾಯಿಲೆ ಬಂದರೆ ಇನ್ನೊಬ್ಬರಿಗೆ ಬರುವುದು ಹಳೆಯ ಅಧ್ಯಯನಗಳ ಪ್ರಕಾರ ನೂರಕ್ಕೆ 48ರಷ್ಟು, 2018ರ ಡೆನ್ಮಾರ್ಕ್ ಅಧ್ಯಯನದಲ್ಲಿ ಬರೀ 33. ನೂಲಿನಂತೆ ಸೀರೆ ಅನ್ನುವವರು ಇದನ್ನೊಮ್ಮೆ ಯೋಚಿಸಬೇಕು.

ಇನ್ನು "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಅಂತ ಎದೆಯುಬ್ಬಿಸಿ ಹೇಳುವವರ ವಿಷಯ. ಈ ಕಾಯಿಲೆ ಇರುವವರಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಮಂದಿಗೆ ಅಪ್ಪ ಅಮ್ಮ ಇಬ್ಬರೂ ಇದರಿಂದ ಮುಕ್ತರು! 2022ರಲ್ಲಿ ಬಂದ ಒಂದು ಬೃಹತ್ ಅಧ್ಯಯನ ಇದಕ್ಕೆ ಸಂಬಂಧಪಟ್ಟ 287 ಜಾಗಗಳನ್ನು ನಮ್ಮ ಜೀನ್‌ಗಳ ರಾಶಿಯಲ್ಲಿ ಗುರುತಿಸಿತು. ಒಂದೊಂದರ ಪರಿಣಾಮವೂ ತೀರಾ ಚಿಕ್ಕದು, ಮತ್ತು ಅವುಗಳಲ್ಲಿ ಒಂದಷ್ಟು ನಿಮ್ಮಲ್ಲೂ ಇವೆ, ನನ್ನಲ್ಲೂ ಇವೆ. 1989ರ ಇನ್ನೊಂದು ಡೆನ್ಮಾರ್ಕ್ ಅಧ್ಯಯನವಂತೂ ನನ್ನನ್ನು ತುಂಬಾ ದಿನ ಕಾಡಿತು. ಒಂದೇ ರೂಪದ ಅವಳಿಗಳಲ್ಲಿ ಕಾಯಿಲೆ ಬಂದವರ ಮಕ್ಕಳಲ್ಲೂ, ಪೂರ್ತಿ ಆರೋಗ್ಯವಾಗಿದ್ದ ಇನ್ನೊಬ್ಬರ ಮಕ್ಕಳಲ್ಲೂ ಅಪಾಯ ಹೆಚ್ಚುಕಡಿಮೆ ಅಷ್ಟೇ ಇತ್ತು. ಆರೋಗ್ಯವಾಗಿರುವವರೂ ತಮಗೇ ಗೊತ್ತಿಲ್ಲದೆ ದಾಟಿಸುತ್ತಾರೆ. ಹಾಗಿದ್ದಮೇಲೆ ಯಾವ ಮನೆಯನ್ನು ಅಂತ ಶುದ್ಧ ಅನ್ನುತ್ತೀರಿ? ರಕ್ತ ಪರೀಕ್ಷೆ ಮಾಡಿಸಿ ಈ ಹುಡುಗಿಗೆ ಬರುತ್ತೋ ಇಲ್ಲವೋ ಅಂತ ಹೇಳುವುದೂ ಆಗುವುದಿಲ್ಲ. ಅಂಥ ಪರೀಕ್ಷೆ ಇಲ್ಲ.

ನನಗೆ ನಿಜವಾಗಿ ಸಿಟ್ಟಿರುವುದು ಮುಚ್ಚಿಡುವುದರ ಮೇಲೆ. ಅಜ್ಜಿಯ ತಂಗಿಯೊಬ್ಬರು ಒಬ್ಬೊಬ್ಬರೇ ಮಾತಾಡಿಕೊಳ್ಳುತ್ತಿದ್ದರಂತೆ, ಅನ್ನದಲ್ಲಿ ವಿಷ ಹಾಕಿದ್ದಾರೆ ಅಂತ ಊಟ ಬಿಡುತ್ತಿದ್ದರಂತೆ. ಅವರ ಸುದ್ದಿಯನ್ನೇ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹಾಗಾಗಿ ಮಾವ ಕಾಲೇಜಿನ ದಿನಗಳಲ್ಲಿ ರಾತ್ರಿಯೆಲ್ಲ ನಿದ್ದೆ ಇಲ್ಲದೆ, ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅಂತ ಕಿವಿ ಮುಚ್ಚಿಕೊಂಡು ಕೂತಾಗ ಅದು ಏನು ಅಂತ ಯಾರಿಗೂ ಹೊಳೆಯಲಿಲ್ಲ. ಗಾಳಿ ಸೋಕಿದೆ ಅಂದರು, ತಾಯಿತ ಕಟ್ಟಿಸಿದರು, ಹರಕೆ ಹೊತ್ತರು, ಆಮೇಲೆ ಮದುವೆ ಮಾಡಿದರೆ ಸರಿಹೋಗುತ್ತಾನೆ ಅಂತ ಮದುವೆಯನ್ನೂ ಮಾಡಿದರು. ಅತ್ತೆಗೆ ಯಾರೂ ಒಂದು ಮಾತು ಹೇಳಲಿಲ್ಲ. ವರ್ಷಗಟ್ಟಲೆ ಆದಮೇಲೆ ಆಸ್ಪತ್ರೆಗೆ ಹೋದಾಗ "ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ" ಅಂತ ಡಾಕ್ಟರ್ ಕೇಳಿದರೆ, ಅಲ್ಲೂ ಇಲ್ಲ ಅಂದರು. ಮನೆಯವರ ಇತಿಹಾಸ ಡಾಕ್ಟರಿಗೆ ರೋಗ ಗುರುತಿಸಲು ಬೇಕಾಗುತ್ತದೆ, ಅಂಥವರಿಗೇ ಸುಳ್ಳು ಹೇಳಿದರೆ ಏನು ಮಾಡುವುದು?

ಬೇಗ ಗೊತ್ತಾಗುವುದು ಎಷ್ಟು ಮುಖ್ಯ ಅಂತ ಮಾವನನ್ನು ನೋಡಿ ನನಗೆ ಗೊತ್ತು. ಚಿಕಿತ್ಸೆ ಇಲ್ಲದೆ ಕಾಯಿಲೆ ಎಳೆದಷ್ಟೂ ಚೇತರಿಕೆ ಕಷ್ಟ. ನಮ್ಮದೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಹಳ್ಳಿಗಳ ರೋಗಿಗಳನ್ನು ಹುಡುಕಿ, ಅವರ ಜೊತೆ ವರ್ಷಗಳ ಕಾಲ ಕೆಲಸ ಮಾಡಿದ್ದಾರೆ. ಔಷಧಿ ತಗೊಂಡವರು ದಿನದ ಕೆಲಸ ಕಾರ್ಯಗಳಲ್ಲಿ ಸುಧಾರಿಸಿದ್ದು ಅಲ್ಲಿ ಕಂಡುಬಂತು. ಮಾವ ಈಗ ಮಾತ್ರೆ ತಪ್ಪಿಸುವುದಿಲ್ಲ, ತೋಟ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಈ ಕಾಯಿಲೆ ಇದೆ ಅಂತ ಗೊತ್ತಿರುವ ಮಕ್ಕಳು ಕೆಲವು ವಿಷಯಗಳಲ್ಲಿ ಹುಷಾರಾಗಿರಬಹುದು. ಗಾಂಜಾ ಮುಟ್ಟಬಾರದು, ಇದನ್ನು ಮಾತ್ರ ಒತ್ತಿ ಹೇಳುತ್ತೇನೆ. ನಿದ್ದೆ ಕೆಟ್ಟು, ಎಲ್ಲರ ಮೇಲೂ ಸಂಶಯ ಶುರುವಾಗಿ, ಕೋಣೆಯಿಂದ ಹೊರಗೇ ಬಾರದ ಹಾಗಾದರೆ ಕಾಯದೆ ಡಾಕ್ಟರ್ ಹತ್ತಿರ ಹೋಗಬೇಕು. ಮನೆಯ ವಾತಾವರಣವೂ ಮುಖ್ಯ. ಫಿನ್ಲೆಂಡಿನಲ್ಲಿ ಈ ಕಾಯಿಲೆ ಇರುವ ತಾಯಂದಿರ ಮಕ್ಕಳು ದತ್ತು ಹೋದ ಮನೆಗಳನ್ನು ದೀರ್ಘಕಾಲ ಗಮನಿಸಿದರು. ನೆಮ್ಮದಿಯ ಮನೆಗಳಲ್ಲಿ ಬೆಳೆದವರಿಗಿಂತ ಜಗಳ, ಗೊಂದಲದ ಮನೆಗಳಲ್ಲಿ ಬೆಳೆದವರಲ್ಲಿ ಕಾಯಿಲೆ ಜಾಸ್ತಿ ಕಾಣಿಸಿಕೊಂಡಿತ್ತು. ಇದನ್ನು ಹೇಳಿದ್ದು ತಾಯಂದಿರನ್ನು ದೂರಲಿಕ್ಕಲ್ಲ. ತಾಯಿ ಸರಿಯಾಗಿ ಸಾಕದೆ ಈ ಕಾಯಿಲೆ ಬಂತು ಅಂತ ಮೊದಲು ಅವರನ್ನು ಬೇಕಾದಷ್ಟು ದೂರಿದ್ದಾಗಿದೆ.

ಮದುವೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು. ಮದುವೆಯಾಗುವವರಿಗೇ ಕಾಯಿಲೆ ಇದ್ದರೆ ಹೇಳಲೇಬೇಕು. ಮುಚ್ಚಿಟ್ಟಿದ್ದು ವಂಚನೆ ಅಂತಾದರೆ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮದುವೆಯೇ ರದ್ದಾಗಬಹುದು. ಹಾಗಂತ ಸ್ಕಿಜೋಫ್ರೇನಿಯಾ ಅನ್ನುವ ಹೆಸರೊಂದೇ ವಿಚ್ಛೇದನಕ್ಕೆ ಸಾಲದು ಅಂತ 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಪ್ಪನಿಗೋ ಮಾವನಿಗೋ ಇದ್ದರೆ ಹುಡುಗ ಹುಡುಗಿ ನೇರವಾಗಿ ಕೂತು ಮಾತಾಡಲಿ, ಮೇಲಿನ ಲೆಕ್ಕ ಇಟ್ಟುಕೊಂಡೇ ಮಾತಾಡಲಿ. ಮತ್ತೆ ಮನೆತನದ ಒಳಗೇ, ರಕ್ತಸಂಬಂಧದಲ್ಲೇ ಕೊಡೋಣ, ಹೊರಗಿನವರಿಗೆ ಗೊತ್ತಾಗುವುದಿಲ್ಲ ಅನ್ನುವ ಯೋಚನೆ ಮಾತ್ರ ಬೇಡ. ಆಗ ಹುಟ್ಟುವ ಮಗುವಿಗೆ ಒಂದೇ ಮನೆತನದ ಹೊರೆ ಎರಡೂ ಕಡೆಯಿಂದ ಬರುತ್ತದೆ.

ಮನೆಯಲ್ಲಿ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ: ಯಾರಿಗಿತ್ತು, ಯಾವ ವಯಸ್ಸಿಗೆ ಶುರುವಾಯಿತು, ಯಾವ ಔಷಧಿ ಹಿಡಿಸಿತು. ಯಾರ ಹತ್ತಿರ ಮಾತಾಡುವುದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ರಾತ್ರಿ ಹಗಲು ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ರೋಗಿಯೇ ಮಾಡಬೇಕು ಅಂತೇನಿಲ್ಲ, ಮನೆಯವರೂ ಮಾಡಬಹುದು.