ಅಗುಳಿಯಿದ್ದದ್ದು ಒಂದೇ ಕೋಣೆಗೆ

ಹಳೆಯ ಮನೆಗಳಲ್ಲಿ ದಂಪತಿಗೆಂದು ಮಲಗುವ ಕೋಣೆ ಇರಲಿಲ್ಲ, ಹಾಗಾಗಿ ಖಾಸಗಿ ಬದುಕು ನಮ್ಮ ಕಾದಂಬರಿಗಳಿಗೂ ಬರಲಿಲ್ಲ ಎಂದು ಲೇಖನವೊಂದರಲ್ಲಿ ಓದಿದೆ. ಲೇಖಕರ ಆ ಮಾತನ್ನು ನಾನು ಒಪ್ಪುವುದಿಲ್ಲ. ಬಂದಿದೆ, ಆದರೆ ಮನೆಯ ಹೊರಗೆ. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ (1965) ಪ್ರಾಣೇಶಾಚಾರ್ಯರು ಚಂದ್ರಿಯನ್ನು ಕೂಡುವುದು ಕಾಡಿನ ಕತ್ತಲಲ್ಲಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿ, ತಿಮ್ಮಿಯರ ಪ್ರೀತಿಗೂ ಕಾಡೇ ಆಸರೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಹದಿನಾಲ್ಕು ಜನ. ಗಂಡಸರು ಜಗಲಿಯಲ್ಲಿ, ಹೆಂಗಸರು ಮಕ್ಕಳು ನಡುಮನೆಯಲ್ಲಿ ಮಲಗುತ್ತಿದ್ದರು. ಒಳಗಿನಿಂದ ಅಗುಳಿ ಹಾಕಬಹುದಾದ ಕೋಣೆ ಒಂದೇ. ಮದುವೆಯಾದ ಹೊಸದರಲ್ಲಿ ಅದು ಅಣ್ಣ ಅತ್ತಿಗೆಯರದು. ಅಕ್ಕ ಬಾಣಂತನಕ್ಕೆ ಬಂದಾಗ ಅತ್ತಿಗೆ ತಮ್ಮ ಹಾಸಿಗೆ ಸುತ್ತಿಕೊಂಡು ನಡುಮನೆಗೆ ಬಂದರು. ಆಷಾಢದ ಮಳೆಯಲ್ಲಿ ಅಜ್ಜಿ ಕೊನೆಯುಸಿರೆಳೆದದ್ದೂ ಅಲ್ಲಿಯೇ. ಅದನ್ನು ಯಾರೂ ಮಲಗುವ ಕೋಣೆ ಎನ್ನಲಿಲ್ಲ. ಬರೀ ‘ಕೋಣೆ’, ಅಷ್ಟೇ.

ಹೀಗೆ ಖಾಸಗಿ ಜಾಗವಿಲ್ಲದ್ದರ ಬೆಲೆ ತೆತ್ತವರು ಹೆಂಗಸರು ಎಂಬ ಲೇಖಕರ ಇನ್ನೊಂದು ಮಾತು ಮಾತ್ರ ನೂರಕ್ಕೆ ನೂರು ಸತ್ಯ. ಅಳು ಬಂದಾಗ ಅತ್ತಿಗೆ ಬಚ್ಚಲುಮನೆಗೆ ಹೋಗಿ ಹಂಡೆಯ ಒಲೆಗೆ ಹಸಿ ಸೌದೆ ತುರುಕುತ್ತಿದ್ದರು. ಕಣ್ಣೇಕೆ ಕೆಂಪಾಗಿದೆ ಎಂದು ಕೇಳಿದರೆ ಹೊಗೆ ಎನ್ನುತ್ತಿದ್ದರು. ಚಿಕ್ಕವನಾಗಿದ್ದ ನಾನು ನಂಬಿದ್ದೆ. ಕುಟುಂಬದ ಕಥೆ ಹುಡುಕುವವರು ಮಲಗುವ ಕೋಣೆಯ ಬಾಗಿಲಲ್ಲೇ ನಿಲ್ಲದೆ ಆ ಬಚ್ಚಲ ಒಲೆಯ ಮುಂದೆಯೂ ಒಮ್ಮೆ ಕುಳಿತುಕೊಳ್ಳಲಿ.