ಬಸ್ ಸ್ಟ್ಯಾಂಡಿನಲ್ಲಿ ನಿಂತವಳು

ನನ್ನ ಕಾದಂಬರಿಯ ನಾಯಕಿ 2022ರ ಆಷಾಢದಿಂದ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ. ಬಾಗಲಕೋಟೆ ಬಸ್ಸಿಗೆ. ಆಲಮಟ್ಟಿಯ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಓಣಿಗಳು ಖಾಲಿಯಾದವಲ್ಲ, ಅಂಥದೊಂದು ಓಣಿಯಲ್ಲಿ ಅಜ್ಜಿಯ ಮನೆಯಿದ್ದ ಜಾಗವನ್ನು ನೋಡಿ ಬರಲು ಹೊರಟವಳು. ಕೈಯಲ್ಲೊಂದು ಚೀಲ, ಚೀಲದಲ್ಲಿ ಆ ಮನೆಯ ಕೀಲಿಕೈ. ಇಷ್ಟು ಬರೆದ ಖುಷಿಗೆ ಎದ್ದು ಚಹಾ ಮಾಡಿಕೊಳ್ಳಲು ಹೋದೆ. ಫೋನ್ ಬಂತು. ಯಾವುದೋ ಶಾಲೆಯ ಸುವರ್ಣ ಮಹೋತ್ಸವ, ಸ್ಮರಣ ಸಂಚಿಕೆ, 15 ದಿನದೊಳಗೆ ಬೇಕಂತೆ. ಅವಳನ್ನು ಅಲ್ಲೇ ನಿಲ್ಲಿಸಿ ಹೋದವನು ನಾನು.

ಬಾಗಲಕೋಟೆಗೆ ಬಸ್ಸಿನ ಬರವೇನೂ ಇಲ್ಲ ಎಂಬುದು ನನಗೂ ಗೊತ್ತು. ಬರ ಇರುವುದು ನನ್ನ ಕಡೆ. ಎಷ್ಟೆಂದರೆ, ಮೊದಲ ಅಧ್ಯಾಯದಲ್ಲಿ ಅವಳು ಟಿಕೀಟಿನ ದುಡ್ಡನ್ನು ಎರಡು ಸಲ ಎಣಿಸಿಕೊಳ್ಳುವ ದೃಶ್ಯವೊಂದಿತ್ತು, ಅವಳ ಬಡತನ ತೋರಿಸಲಿಕ್ಕೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆಯಾಯಿತು. ದೃಶ್ಯ ಹೊಡೆದುಹಾಕಿ ಅವಳ ಕೈಗೆ ಆಧಾರ್ ಕಾರ್ಡು ಕೊಟ್ಟೆ. ಇನ್ನೊಂದಷ್ಟು ತಡ ಮಾಡಿದ್ದರೆ ಸರ್ಕಾರ ಇನ್ನೇನು ಬದಲಿಸುತ್ತಿತ್ತೋ.

ಬರವಣಿಗೆಯೇ ನನ್ನ ಹೊಟ್ಟೆಪಾಡು. ಹಾಗೆಂದ ಕೂಡಲೇ ಜನ ಕಥೆ, ಕವಿತೆ ಎಂದುಕೊಳ್ಳುತ್ತಾರೆ. ಲಗ್ನಪತ್ರಿಕೆಯ ಒಕ್ಕಣೆ, ನಿವೃತ್ತಿ ಹೊಂದುವವರ ಅಭಿನಂದನ ಗ್ರಂಥ, ಮರಾಠಿಯಿಂದ ಕನ್ನಡಕ್ಕೆ ಔಷಧದ ಕರಪತ್ರ, ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆ ಬಂತೆಂದರೆ ಶುಭಕೋರುವ ಬ್ಯಾನರು: ಇವು ನನ್ನ ಕೃತಿಗಳು. ಒಮ್ಮೆ ಒಬ್ಬರು 120 ಪುಟದ ಗ್ರಂಥ ತಿದ್ದಿಸಿಕೊಂಡು, ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ರೊಕ್ಕದ ಮಾತೆತ್ತಿದರೆ, "ನಿಮಗ ಏನ್ರಿ ಸರ, ಕೈಯಾಗ ಸರಸ್ವತಿ ಅದಾಳ" ಎಂದರು. ಮನೆಯಲ್ಲೀಗ 11 ಶಾಲುಗಳಿವೆ. ಬ್ಯಾಸಗಿಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು.

ಇಂಥ ಕೆಲಸಗಳ ಸಂದಿಯಲ್ಲಿ ಕಾದಂಬರಿ ಮುಗಿಸಬೇಕಲ್ಲ, ಒಂದು ದೊಡ್ಡ ಪಣ ತೊಟ್ಟೆ. 1999ರಲ್ಲಿ ಅಮೆರಿಕದಲ್ಲಿ 21 ಮಂದಿ ಸೇರಿ ಒಂದು ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆಯುವ ಆಟ ಶುರು ಮಾಡಿದರು. ಮರುವರ್ಷದಿಂದ ಅದು ನವೆಂಬರ್ ತಿಂಗಳಿಗೆ ಬಂತು, ಆಮೇಲೆ ಲೋಕವೆಲ್ಲ ಹಬ್ಬಿತು. ದಿನಕ್ಕೆ 1,667 ಪದದ ಲೆಕ್ಕ. ಅಲ್ಲಿ ನವೆಂಬರಿನಲ್ಲಿ ಹೊರಗೆ ಚಳಿ, ಮಳೆ, ಒಳಗೆ ಕೂತು ಬರೆಯಲು ಹೇಳಿ ಮಾಡಿಸಿದ ತಿಂಗಳು. ಇಲ್ಲಿ? ನವೆಂಬರ್ ಅಂದರೆ ರಾಜ್ಯೋತ್ಸವ. ಒಂದನೇ ತಾರೀಖಿಗೆ ಶುರುವಾದ ಧ್ವಜ, ಭಾಷಣ, ನಿರೂಪಣೆ ತಿಂಗಳ ಕೊನೆಯವರೆಗೂ ಓಣಿ ಓಣಿಗೆ ಸರದಿಯ ಮೇಲೆ ನಡೆಯುತ್ತದೆ. ಆ ತಿಂಗಳು ನಾನು ಕನ್ನಡದ ಏಳಿಗೆ ಕುರಿತು ಒಂಬತ್ತು ಭಾಷಣ ಬರೆದುಕೊಟ್ಟೆ. ಕನ್ನಡದಲ್ಲಿ ಒಂದು ಅಧ್ಯಾಯ ಬರೆಯಲು ಮಾತ್ರ ಆಗಲಿಲ್ಲ.

ಬರೆದಷ್ಟರಲ್ಲೂ ಮೋಸವಿತ್ತು. ಪದ ಎಣಿಸುವ ಆಟ ಕನ್ನಡಕ್ಕೆ ಒಗ್ಗುವುದೇ ಇಲ್ಲ. 'ಮನೆಯೊಳಗಿಂದಲೇ' ಎಂದರೆ ನಮಗೆ ಒಂದೇ ಪದ, ಇಂಗ್ಲಿಷಿನವರಿಗೆ ಅದಕ್ಕೆ ಐದು ಬೇಕು. ಅವರು ಒಂದು ಹೊಲದ ಪದ ಚೆಲ್ಲುವಲ್ಲಿ ನಾವು ಒಂದು ಸೇರಿನಲ್ಲಿ ಮುಗಿಸುತ್ತೇವೆ. ಇದು ತಿಳಿದದ್ದೇ ತಡ, ನಾನು ಸಂಧಿಗಳನ್ನು ಬಿಡಿಸತೊಡಗಿದೆ. 'ಬರಬೇಕಾಗಿತ್ತೆಂದು' ಬರೆದಲ್ಲಿ 'ಬರ ಬೇಕಾಗಿತ್ತು ಎಂದು' ಮಾಡಿದರೆ ಎರಡು ಪದ ಲಾಭ. ಬರಿಯ ಸಂಜೆ ಇದ್ದಲ್ಲಿ 'ಸುಂದರವಾದ, ಮನೋಹರವಾದ, ಹೊಂಬಣ್ಣದ ಸಂಜೆ' ಬಂತು. ಕಂಪ್ಯೂಟರಿನ ಮೂಲೆಯ ಅಂಕಿ ಏರುತ್ತಿತ್ತು. ಹುಡುಗಿ ಬಸ್ ಸ್ಟ್ಯಾಂಡಿನಲ್ಲೇ ಇದ್ದಳು, ಸುತ್ತ ಮೂರು ಬಗೆಯ ಸಂಜೆ. 50,000ದ ಗುರಿಗೆ ನಾನು ಮುಟ್ಟಿದ್ದು 6,210. ಸಂಧಿ ಮರಳಿ ಕೂಡಿಸಿದ ಮೇಲೆ 5,000ಕ್ಕೆ ಇಳಿಯಿತು. ಆ ಆಟ ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿದ ಸುದ್ದಿ ಓದಿದಾಗ, ಸುಳ್ಳೇಕೆ ಹೇಳಲಿ, ಎದೆ ಕೊಂಚ ಹಗುರಾಯಿತು.

ಸೋತವನು ಈ ಊರಲ್ಲಿ ಹೋಗಿ ಕೂಡುವ ಜಾಗ ಬಾರಾ ಕಮಾನು. ಮಹಮ್ಮದ್ ಆದಿಲ್ ಶಾಹ ತಾನು ಬದುಕಿರುವಾಗಲೇ ಗೋಳಗುಮ್ಮಟ ಕಟ್ಟಿಸಿ 1656ರಲ್ಲಿ ಅದರೊಳಗೇ ಮಲಗಿದ. ಮಗ ಎರಡನೇ ಅಲಿ ಆದಿಲ್ ಶಾಹ ಅಪ್ಪನದಕ್ಕಿಂತ ದೊಡ್ಡದು ಕಟ್ಟಲು ಹೊರಟನೆನ್ನುತ್ತಾರೆ. 1672ರಲ್ಲಿ ತೀರಿಕೊಂಡ. ಕಮಾನುಗಳು ಅಲ್ಲಿಗೇ ನಿಂತವು, ಮೇಲೆ ಛಾವಣಿಯಿಲ್ಲ, ಗುಮ್ಮಟ ಇರಬೇಕಾದಲ್ಲಿ ಆಕಾಶ. ಹೋಗಿ ಕೂತರೆ ಸಮಾಧಾನವಾಗುತ್ತದೆ: ಅರ್ಧಕ್ಕೆ ನಿಂತ ಕೆಲಸವನ್ನೂ ಜನ ಟಿಕೀಟು ತೆಗೆಸಿಕೊಂಡವರ ಹಾಗೆ ನಿಂತು ನೋಡುತ್ತಾರೆ, ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಾರೆ. ಆದರೆ ಸುಲ್ತಾನನಿಗೆ ಸಾವಿನ ನೆಪವಿತ್ತು. ನನಗೆ ಇರುವುದು ಸ್ಮರಣ ಸಂಚಿಕೆ.

ನಮ್ಮ ಹಿತ್ತಲಿಗೆ ಹೊಂದಿಕೊಂಡ ಮನೆಯಲ್ಲಿ ಒಬ್ಬ ಅಕ್ಕಾರು ರೊಟ್ಟಿ ಮಾಡಿ ಮಾರುತ್ತಾರೆ. ನಸುಕಿನ ಐದಕ್ಕೇ ಬಡಿಯುವ ಸಪ್ಪಳ ಶುರು. ಆ ತಾಳ ಕೇಳಿ ಎಚ್ಚರಾಗಿ, ನಾನೂ ಏಳಬೇಕು ಎಂದುಕೊಂಡು ಮಗ್ಗಲು ಬದಲಿಸುವುದು ನನ್ನ ದಿನಚರಿಯಾಗಿತ್ತು. ಒಂದು ದಿನ ಎದ್ದೇಬಿಟ್ಟೆ. ಗೋಡೆಯಾಚೆ ನಿಂತು ನೋಡಿದೆ. ಪರಾತದಲ್ಲಿ ಬಿಳಿಜೋಳದ ಹಿಟ್ಟು, ನಡುವೆ ಗುಳಿ, ಗುಳಿಗೆ ಕುದಿಯುವ ನೀರು. ಗೋಧಿಯ ಹಾಗೆ ಜೋಳಕ್ಕೆ ಹುಟ್ಟಾ ಜಿಗಿ ಇಲ್ಲ, ಸುಡುನೀರಿನಲ್ಲಿ ನಾದಿದರೇ ಅದು ಕೂಡಿಕೊಳ್ಳುವುದು. ಹಳೇ ಹಿಟ್ಟಾದರೆ ಎಷ್ಟು ನಾದಿದರೂ ಅಂಚು ಸೀಳುತ್ತದೆ. ಉಂಡೆ, ಒಣಹಿಟ್ಟು, ಎರಡೂ ಅಂಗೈ. ರೊಟ್ಟಿ ತನ್ನಷ್ಟಕ್ಕೇ ತಿರುಗುತ್ತ ಅಗಲವಾಗುತ್ತ ಹೋಗುತ್ತದೆ, ಅವರು ಅದನ್ನು ನೋಡುವುದೇ ಇಲ್ಲ, ಕಣ್ಣು ಹಂಚಿನ ಮೇಲೆ. ಹಂಚಿನ ಮೇಲಿನದಕ್ಕೆ ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ ಹಾಕಿ, ಉಬ್ಬಿದ ಕೂಡಲೇ ಎತ್ತಿ ಬುಟ್ಟಿಯ ಅಂಚಿಗೆ ಆನಿಸಿ ನಿಲ್ಲಿಸುತ್ತಾರೆ.

"ದಿನಾ ಎಷ್ಟ್ ರೊಟ್ಟಿ ಮಾಡ್ತೀರಿ ಅಕ್ಕಾರ?" ಎಂದೆ. ನಾನು ಅಂಕಿಯ ಮನುಷ್ಯನಾಗಿಬಿಟ್ಟಿದ್ದೆ.

"ಅದೆಲ್ಲಾ ಎಣಸಂಗಿಲ್ರಿ ಸರ. ಈ ಪರಾತ ಮುಗೂತನಕ ಕೂಡ್ತೀನಿ."

"ಮತ್ತ ಲೆಕ್ಕ?"

"ಮಾರೂ ಮುಂದ ಅಂಗಡಿಯವ್ರು ಎಣಸ್ತಾರಲ್ಲ. ಎಷ್ಟಾಗ್ತಾವ ಅಂಬೂದು ಹಿಟ್ಟಿಗೆ ಗೊತ್ತ."

ಅವರು ಹಿಟ್ಟು ಅಳೆಯುತ್ತಿದ್ದರು, ನಾನು ರೊಟ್ಟಿ ಎಣಿಸುತ್ತಿದ್ದೆ. ರೊಟ್ಟಿ ಎಣಿಸಹೋದವನು ತೆಳ್ಳಗೆ, ಸಣ್ಣಗೆ ಬಡಿದು ಸಂಖ್ಯೆ ತುಂಬಿಸುತ್ತಾನೆ. ನಾನು ಸಂಧಿ ಬಿಡಿಸಿದ್ದು ಅದೇ. ಅಂದಿನಿಂದ ಅರ್ಧ ಗಂಟೆ ನನ್ನ ಪರಾತ. ಸಪ್ಪಳ ಶುರುವಾದಾಗ ಕೂಡುವುದು, ಅರ್ಧ ಗಂಟೆಗೆ ಏಳುವುದು. ಕೆಲವು ದಿನ ನೂರು ಪದ, ಕೆಲವು ದಿನ ಹನ್ನೆರಡು, ಒಂದು ದಿನ ನಿನ್ನೆಯ ನಲವತ್ತು ಹೊಡೆದುಹಾಕಿದ್ದಷ್ಟೇ. ಅಂದು ಹಿಟ್ಟು ಹಳೇದಿತ್ತು ಅನ್ನಬೇಕು. ಗುರಿ ಎಷ್ಟು ಸಣ್ಣದೆಂದರೆ ತಪ್ಪಿಸಲು ನಾಚಿಕೆಯಾಗುತ್ತದೆ. 1,667 ಪದ ತಪ್ಪಿಸಿದಾಗ ನನಗೆ ನಾಚಿಕೆಯಾಗಿರಲಿಲ್ಲ, ದೊಡ್ಡ ದುರಂತದ ನಾಯಕನೆಂಬ ಹೆಮ್ಮೆಯಾಗಿತ್ತು.

ಫ.ಗು. ಹಳಕಟ್ಟಿಯವರು ಇದೇ ಊರಲ್ಲಿ ವಕೀಲಿ ಮಾಡುತ್ತಲೇ ಮನೆ ಮನೆ ತಿರುಗಿ ತಾಡೋಲೆ ಕೂಡಿಸಿದವರು. 1923ಕ್ಕೆ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾಯಿತು, 1926ಕ್ಕೆ 'ಶಿವಾನುಭವ' ಪತ್ರಿಕೆ ಶುರುವಾಯಿತು. ಒಬ್ಬೊಬ್ಬ ಶರಣರ ವಚನವಾಗಿ ದಶಕಗಟ್ಟಲೆ ಬಂತು. ಅವರ ಹೆಸರು ಇಲ್ಲಿ ಎತ್ತುವುದು ಅಧಿಕಪ್ರಸಂಗವೇ, ಗೊತ್ತು. ಆದರೂ ನಸುಕಿನಲ್ಲಿ ಎದ್ದು ಕೂತಾಗ, ಅವರಿಗೂ ಅಂದಂದಿಗೆ ಇದ್ದದ್ದು ಎದುರಿನ ಒಂದು ಗರಿ, ಅದರ ಒಂದು ಸಾಲು, ಹುಳ ತಿಂದ ಒಂದು ಅಕ್ಷರ ಎಂದು ನೆನೆಸಿಕೊಳ್ಳುತ್ತೇನೆ.

ಈಗ ನಾನು ಅಧ್ಯಾಯಗಳನ್ನೂ ಲೆಕ್ಕ ಹಾಕುವುದಿಲ್ಲ, ನಿಲುಗಡೆ ಲೆಕ್ಕ ಹಾಕುತ್ತೇನೆ. ಮುಳವಾಡ. ಆಮೇಲೆ ಕೊಲ್ಹಾರ. ಅಲ್ಲಿ ಗಡಿಗೆಯ ಮೊಸರು ಮಾರುವವರು ಬಸ್ಸಿಗೆ ಮುತ್ತುತ್ತಾರೆ, ಅವಳು ಕೊಳ್ಳುತ್ತಾಳೋ ಇಲ್ಲವೋ ಅಂದು ನೋಡಿದರಾಯಿತು. ಕೃಷ್ಣೆಯ ಮೇಲಿನ ಆ ಉದ್ದ ಸೇತುವೆ, ಎರಡೂ ಕಡೆ ಹಿನ್ನೀರು. ಅಲ್ಲಿ ಅವಳು ಕೀಲಿಕೈ ಮುಟ್ಟಿ ನೋಡಿಕೊಳ್ಳುತ್ತಾಳೆ ಎಂದು ನನಗೆ ಗುಮಾನಿ. ಗದ್ದನಕೇರಿ ಕ್ರಾಸಿನ ಆಚೆ ಯೋಚನೆ ಮಾಡಬಾರದೆಂದು ಆಣೆ ಹಾಕಿಕೊಂಡಿದ್ದೇನೆ.

ಅಕ್ಕಾರಿಗೆ ಕಥೆ ಹೇಳಿದ್ದು ತಪ್ಪಾಯಿತೋ ಏನೋ. ದಿನಾ ಕೇಳುತ್ತಾರೆ. ನಿನ್ನೆಯೂ ಗೋಡೆಯ ಮೇಲಿಂದ ಎರಡು ಬಿಸಿ ರೊಟ್ಟಿ ದಾಟಿಸುತ್ತ ಕೇಳಿದರು.

"ಹುಡುಗಿ ಬಸ್ ಹತ್ತಿದ್ಲೇನ್ರಿ ಸರ?"

"ಹತ್ಯಾಳ್ರಿ ಅಕ್ಕಾರ. ಸೀಟು ಸಿಕ್ಕಿಲ್ಲ."

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಒಂದು ಗಳಿಗೆ ಯೋಚಿಸಿದರು.

"ಮುಳವಾಡದಾಗ ಮಂದಿ ಇಳೀತಾರ ತಗೋರಿ. ಅಲ್ಲಿ ಕೂಡಸ್ರಿ ಆಕೀನ್ನ, ಪಾಪ, ಮೂರು ವರ್ಷ ನಿಂತಾಳ."